ಕ್ರಿಸ್ಮಸ್ ಸಾಮಾನಿಗೆ ಹೊರಟ ಮಕ್ಕಳಿಗೆ

ಓದಲು, ದುಡಿಯಲು ಇಂಗ್ಲೆಂಡಿಗೆ ಬಂದಿರುವ ನಮ್ಮ ಮಕ್ಕಳೇ, ನವೆಂಬರ್ ಬಂತೆಂದರೆ ಇಲ್ಲಿನ ಸೂಪರ್‌ಮಾರ್ಕೆಟ್‌ಗಳು ಟಿವಿಯಲ್ಲಿ ಪುಟ್ಟ ಸಿನಿಮಾಗಳನ್ನೇ ಬಿಡುತ್ತವೆ. ಆಲ್ಡಿ ಜಾಹೀರಾತಿನ ಕ್ಯಾರೆಟ್ ಕೆವಿನ್ 2016ರಿಂದ ಬರುತ್ತಲೇ ಇದ್ದಾನೆ. 2022ರ ಅಕ್ಟೋಬರಿನಲ್ಲಿ ಬೆಲೆಯೇರಿಕೆ ಶೇ. 11.1 ಮುಟ್ಟಿ, ತಿನ್ನುವ ಸಾಮಾನಿನದು ಶೇ. 16 ದಾಟಿದಾಗಲೂ ಬಂದ. ಆಮೇಲೆ ಏರಿಕೆಯ ವೇಗ ತಗ್ಗಿತು, ಏರಿದ ಬೆಲೆ ಇಳಿಯಲಿಲ್ಲ. ಜಾಹೀರಾತಿನ ಆ ತುಂಬಿದ ಮೇಜು ನೋಡಿ ನಮ್ಮ ಮನೆಯಲ್ಲಿ ಏನೋ ಕಮ್ಮಿ ಅನ್ನಿಸುತ್ತದಲ್ಲ, ಅಲ್ಲೇ ದುಡ್ಡು ಕೈಬಿಡುವುದು.

• ಊಟಕ್ಕೆ ಎಷ್ಟು ಜನ, ಅಡುಗೆ ಏನು ಎಂದು ಬರೆದಿಟ್ಟುಕೊಂಡೇ ಮನೆ ಬಿಡಿ. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ.

• ಬೆಲೆಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ನೂರು ಗ್ರಾಂಗೆ ಅಥವಾ ಕಿಲೋಗೆ ಎಷ್ಟೆಂದು ಇರುತ್ತದೆ. ನೋಡಬೇಕಾದ್ದು ಅದನ್ನೇ. ಚಾಕಲೇಟ್ ಡಬ್ಬ ಹೋದ ವರ್ಷದಷ್ಟೇ ಕಂಡರೂ ತೂಕ ಇಳಿದಿರಬಹುದು.

• ಟೆಸ್ಕೊ ಕ್ಲಬ್‌ಕಾರ್ಡ್, ಸೇನ್ಸ್‌ಬರೀಸ್ ನೆಕ್ಟರ್ ಪುಕ್ಕಟೆ, ಮಾಡಿಸಿಕೊಳ್ಳಿ. ಆದರೆ ಕಾರ್ಡು ಇದ್ದವರಿಗೆಂದು ಹಾಕಿದ ಬೆಲೆಯೇ ಅಗ್ಗ ಎಂದುಕೊಳ್ಳದೆ ಪಕ್ಕದ ಅಂಗಡಿಯಲ್ಲೂ ವಿಚಾರಿಸಿ.

• ಹಬ್ಬದ ಹಿಂದಿನ ವಾರ ಕ್ಯಾರೆಟ್, ಆಲೂಗಡ್ಡೆ, ಸ್ಪ್ರೌಟ್ಸ್ ಕೆಲವೇ ಪೆನ್ಸಿಗೆ ಸಿಗುತ್ತವೆ. ನಿಮ್ಮನ್ನು ಒಳಗೆ ಕರೆಯಲೆಂದೇ ನಷ್ಟಕ್ಕೆ ಮಾರುತ್ತಾರೆ. ಲಾಭ ಉಳಿದ ಸಾಮಾನಿನಲ್ಲಿ. ತರಕಾರಿಯಷ್ಟೇ ತುಂಬಿಕೊಂಡು ಬನ್ನಿ. ಸ್ಪ್ರೌಟ್ಸ್ ಅಂದರೆ ಗೋಲಿಯಷ್ಟು ದಪ್ಪದ ಕೋಸು. ಅರ್ಧಕ್ಕೆ ಹೆಚ್ಚಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆಯಲ್ಲಿ ಬಾಡಿಸಿ, ಇಳಿಸುವಾಗ ಕಾಯಿತುರಿ ಉದುರಿಸಿ. ಚಪಾತಿಗೆ ಬಹಳ ಚೆನ್ನ.

• ಡಿಸೆಂಬರ್ 25ರಂದು ಇಂಗ್ಲೆಂಡಿನ ದೊಡ್ಡ ಅಂಗಡಿಗಳು ಕಾನೂನಿನಂತೆ ಬಾಗಿಲು ಹಾಕಲೇಬೇಕು. ಹಾಗಾಗಿ ಉಳಿಯದ ಹಾಲು, ಬ್ರೆಡ್ಡು, ಸೊಪ್ಪಿಗೆಲ್ಲ 24ರ ಮಧ್ಯಾಹ್ನದಿಂದಲೇ ಬೆಲೆ ಇಳಿಸಿದ ಹಳದಿ ಚೀಟಿ ಬೀಳತೊಡಗುತ್ತದೆ. ಫ್ರೀಜರಿನಲ್ಲಿ ಜಾಗ ಮಾಡಿಟ್ಟುಕೊಂಡು ಹೋಗಿ.

• ವರ್ಷವಿಡೀ ಕಂತು ಕಟ್ಟಿ ಡಿಸೆಂಬರಿನಲ್ಲಿ ಬುಟ್ಟಿ ಪಡೆಯುವ ಯೋಜನೆಗಳಿವೆ, ನಮ್ಮೂರಿನ ಪಟಾಕಿ ಚೀಟಿಯ ಹಾಗೆ. 2006ರ ಅಕ್ಟೋಬರಿನಲ್ಲಿ ಫೇರ್‌ಪ್ಯಾಕ್ ಎಂಬ ಅಂಥದೊಂದು ಕಂಪನಿ ಮುಳುಗಿತು. ಲಕ್ಷಕ್ಕೂ ಹೆಚ್ಚು ಜನ, ಹೆಚ್ಚಿನವರು ಬಡವರೇ, ಹಬ್ಬಕ್ಕೆ ಎರಡು ತಿಂಗಳಿರುವಾಗ ಕೈ ಖಾಲಿ ಮಾಡಿಕೊಂಡರು. ವರ್ಷಗಟ್ಟಲೆ ಕಾದವರಿಗೂ ಪೂರ್ತಿ ದುಡ್ಡು ಬರಲಿಲ್ಲ. ಕೂಡಿಡುವುದಿದ್ದರೆ ಬ್ಯಾಂಕಿನಲ್ಲೇ ಬೇರೆ ಖಾತೆ ತೆರೆಯಿರಿ.

• ಈಗ ತಗೊಳ್ಳಿ, ಆಮೇಲೆ ಕೊಡಿ ಎನ್ನುವವರ ಹತ್ತಿರ ಬೇಡವೇ ಬೇಡ. ಜನವರಿಯಲ್ಲಿ ಹೀಟರ್ ಬಿಲ್ಲೂ ಬರುತ್ತದೆ.

• ಏನು ಮಾಡಿದರೂ ಸಾಲದಾದರೆ ಉಪವಾಸ ಇರಬೇಡಿ, ನಾಚಿಕೆಯೂ ಬೇಡ. ಗುರುದ್ವಾರದ ಲಂಗರ್‌ನಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು. ಅನೇಕ ಫುಡ್ ಬ್ಯಾಂಕ್‌ಗಳು ವೋಚರ್ ಕೇಳುತ್ತವೆ. ಅದಕ್ಕೆ ಸಿಟಿಜನ್ಸ್ ಅಡ್ವೈಸ್ ಕಚೇರಿಯಲ್ಲಿ ವಿಚಾರಿಸಿ. ವೀಸಾಕ್ಕೆ ತೊಂದರೆಯಾದೀತೆಂದು ಎಷ್ಟೋ ಮಕ್ಕಳು ಹೆದರಿ ಸುಮ್ಮನಿರುತ್ತಾರೆ. ಆ ನೆರವು ದಾನಿಗಳದು, ವೀಸಾ ನಿಯಮದಲ್ಲಿ ಹೇಳುವ ಸರ್ಕಾರಿ ಹಣದ ಲೆಕ್ಕಕ್ಕೆ ಅದು ಬರುವುದಿಲ್ಲ.