ಹಡಗಿನ ಪ್ರಶ್ನೆ, ಬಾವಿಯ ಪ್ರಶ್ನೆ

ನಡುಗಡಲಲ್ಲಿ ಹಡಗೊಂದು ಭಾರದಿಂದ ಮುಳುಗುತ್ತಿದೆ. ಒಬ್ಬನನ್ನು ನೀರಿಗೆಸೆದರೆ ಉಳಿದವರೆಲ್ಲ ಬದುಕುತ್ತಾರೆ. ಇಲ್ಲವಾದರೆ ಎಲ್ಲರೂ ಸಾಯುತ್ತಾರೆ. ಎಸೆಯಬಹುದೇ?

ಇಂಥ ಕಲ್ಪಿತ ಪ್ರಶ್ನೆಗಳು ಪಾಶ್ಚಾತ್ಯರ ಕೊಡುಗೆಯೆಂದು ನಮ್ಮ ಕಾಲೇಜು ಯುವಕರು ತಿಳಿದಿರುವುದುಂಟು. ಫಿಲಿಪ್ಪಾ ಫುಟ್ ಎಂಬ ತತ್ವಜ್ಞಾನಿ ಟ್ರಾಮ್ ಗಾಡಿಯ ಪ್ರಸಿದ್ಧ ಪ್ರಶ್ನೆಯನ್ನೆತ್ತಿದ್ದು 1967ರಲ್ಲಿ. ಹಡಗಿನ ಪ್ರಶ್ನೆಯಾದರೋ 1111ರಲ್ಲಿ ನಿಧನರಾದ ಇಮಾಮ್ ಗಝಾಲಿ(ರ)ಯವರ 'ಅಲ್ ಮುಸ್ತಸ್‌ಫಾ' ಗ್ರಂಥದಲ್ಲಿದೆ. ಎಸೆಯಕೂಡದು ಎಂಬುದೇ ಅವರ ಉತ್ತರ. ನಿಷಿದ್ಧವಾದುದಕ್ಕೆ ಹಿತದ ಕಾರಣ ಕೊಡಬೇಕಾದರೆ ಆ ಹಿತವು ಅನಿವಾರ್ಯವಾಗಿರಬೇಕು, ನಿಶ್ಚಿತವಾಗಿರಬೇಕು, ಇಡೀ ಸಮುದಾಯಕ್ಕೆ ಸಂಬಂಧಿಸಿರಬೇಕು. ಹಡಗಿನಲ್ಲಿ ಉಳಿಯುವವರು ಎಣಿಕೆಯ ಕೆಲವರು ಮಾತ್ರ. ಯಾರನ್ನು ಎಸೆಯಬೇಕೆಂದು ಚೀಟಿ ಎತ್ತುವುದಕ್ಕೂ ಆಧಾರವಿಲ್ಲವೆಂದು ಅವರು ಹೇಳುತ್ತಾರೆ.

ನಮ್ಮಲ್ಲಿ ಹಡಗಿಲ್ಲ, ಬೋರ್‌ವೆಲ್ ಇದೆ. ಬರಗಾಲ ಬಂದಾಗ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರನ ಮುಂದೆ ಬರುವ ಪ್ರಶ್ನೆಯನ್ನು ನೋಡಿರಿ. ಬೋರ್ ಬತ್ತುತ್ತಿದೆ, ಪಡ ಒಣಗುತ್ತಿದೆ, ಬ್ಯಾಂಕಿನ ಸಾಲವಿದೆ. ನೆರೆಯ ಮನೆಯವರು ಖಾಲಿ ಕೊಡ ಹಿಡಿದು ನಿಂತಿದ್ದಾರೆ. 'ಮಜಬೂರಿ' ಎಂದು ಆತ ಬಾಗಿಲು ಮುಚ್ಚಬಹುದೇ?

ಹನಫೀ ಕರ್ಮಶಾಸ್ತ್ರದ ಪ್ರಕಾರ ಖಾಸಗಿ ಬಾವಿಯ ನೀರಿನಲ್ಲಿಯೂ ಮನುಷ್ಯರಿಗೆ ಮತ್ತು ಜಾನುವಾರುಗಳಿಗೆ ಕುಡಿಯುವ ಹಕ್ಕಿದೆ. ನೆರೆಯವನ ಬೆಳೆಗೆ ನೀರು ನಿರಾಕರಿಸುವ ಅಧಿಕಾರ ಒಡೆಯನಿಗಿದೆ. ಪಾತ್ರೆಯಲ್ಲಿ ತುಂಬಿಟ್ಟ ನೀರು ಅವನ ಸ್ವಂತದ್ದು. ಆದರೆ ಬಾಯಾರಿಕೆಯಿಂದ ಜೀವ ಹೋಗುವಂತಿದ್ದರೆ ಅದನ್ನೂ ತಡೆಯುವಂತಿಲ್ಲ. ಆದ್ದರಿಂದ 'ಮೋಟಾರು ನನ್ನದು, ಕರೆಂಟ್ ಬಿಲ್ ನನ್ನದು' ಎಂಬ ವಾದ ಬಹಳ ದೂರ ಹೋಗಲಾರದು.

ದ್ರಾಕ್ಷಿ ಬಳ್ಳಿ ಒಣಗುವುದು ಸಣ್ಣ ನಷ್ಟವಲ್ಲ. ವರ್ಷಗಳ ದುಡಿಮೆ ಅದರೊಂದಿಗೆ ಹೋಗುತ್ತದೆ. ಆದರೆ ಇಮಾಮರ ಷರತ್ತುಗಳಲ್ಲಿ ಎರಡನೆಯದನ್ನು ಇಲ್ಲಿಟ್ಟು ನೋಡಿರಿ: ದಿನಕ್ಕೆ ಹತ್ತು ಕೊಡ ನೀರು ಕೊಟ್ಟರೆ ಪಡ ಒಣಗುವುದು ನಿಶ್ಚಿತವೇ? ನಾವು ಮಜಬೂರಿ ಎನ್ನುವ ಎಷ್ಟೋ ಸಂಗತಿಗಳು ಬರೀ ಭಯ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಬಂದಿದೆ, ಸಂತೋಷ. ಭಯ ಮಾತ್ರ ಕಾಲುವೆ ನೀರಿನಿಂದ ಹೋಗುವಂಥದಲ್ಲ.

ನಿಜವಾದ ಸಂದಿಗ್ಧ ಬೇರೆ ಇದೆ. ನೀರು ಸ್ವಂತ ಮನೆಯ ಕುಡಿಯುವುದಕ್ಕಷ್ಟೇ ಸಾಲುವಾಗ ಏನು ಮಾಡಬೇಕು? ಆಗ ಒಡೆಯನ ಮನೆಯವರ ಹಕ್ಕೇ ಮೊದಲು. ತಮಗೆ ಕೊರತೆಯಿದ್ದರೂ ಇತರರಿಗೆ ಆದ್ಯತೆ ಕೊಟ್ಟವರನ್ನು ಕುರ್‌ಆನ್ (59:9) ಪ್ರಶಂಸಿಸುತ್ತದೆ. ಹಾಗೆ ಬಿಟ್ಟುಕೊಡುವಾಗ ತಂದೆಯಾದವನು ತನ್ನ ಲೋಟದ ನೀರನ್ನು ಕೊಡಬಹುದು, ತನ್ನನ್ನೇ ನಂಬಿರುವ ಮಕ್ಕಳ ಲೋಟದ್ದನ್ನಲ್ಲ.