ಭರಣಿ ಅಟ್ಟಕ್ಕೇರಿಸಿದರೆ ಸಾಲದು ಮಾಣಿ

ಬಿ.ಪಿ. 150 ದಾಟಿತೆಂದು ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದೆಯಂತೆ. ಒಳ್ಳೆಯದೇ ಮಾಡಿದೆ. ಉಪ್ಪು ದಿನಕ್ಕೆ 5 ಗ್ರಾಂ ಮುಟ್ಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅಂದರೆ ಒಂದು ಟೀ ಚಮಚದೊಳಗೆ.

ಆದರೆ ಮೊನ್ನೆ ಬೈಂದೂರಿನ ಮದುವೆಮನೆಯಲ್ಲಿ ನಿನ್ನ ಪಕ್ಕದ ಎಲೆಗೆ ಕೂತವನು ನಾನು. ಬೆಳ್ತಿಗೆ ಅನ್ನ ಮೂರು ಸಲ ಬಿತ್ತು: ಸಾರಿಗೊಮ್ಮೆ, ಸಾಂಬಾರಿಗೊಮ್ಮೆ, ಮಜ್ಜಿಗೆಗೊಮ್ಮೆ. ನಡುವೆ ಹೋಳಿಗೆ, ಪಾಯಸ. ಅಲಸಂಡೆ ಪಲ್ಯ ಮಾತ್ರ ಎಲೆಯ ತುದಿಯಲ್ಲಿ ಹಾಕಿದಂತೆಯೇ ಇತ್ತು. ನಿನ್ನ ಒತ್ತಡದಲ್ಲಿ ಆ ಅನ್ನದ ರಾಶಿಗೂ ಪಾಲಿದೆ, ತಿಳಿದುಕೋ.

ಬಿಳಿ ಅನ್ನ, ಸಕ್ಕರೆ, ಮೈದಾದ ಬನ್ಸ್ ಬೇಗ ಕರಗಿ ಗ್ಲೂಕೋಸಾಗಿ ರಕ್ತಕ್ಕೆ ನುಗ್ಗುತ್ತವೆ. ಅದನ್ನು ಹಿಡಿಯಲು ಇನ್ಸುಲಿನ್ ಏರುತ್ತದೆ. ಏರಿದ ಇನ್ಸುಲಿನ್ ಮೂತ್ರಪಿಂಡಕ್ಕೆ ಉಪ್ಪಿನಂಶವನ್ನು ಹೊರಬಿಡಲು ಕೊಡುವುದಿಲ್ಲ, ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ಹೊಟ್ಟೆಯೂ ಬಂದರೆ ರಕ್ತನಾಳಕ್ಕೆ ಭಾರವೇ. ನಮ್ಮಜ್ಜ ಬಟ್ಟಲು ತುಂಬ ಗಂಜಿ ಉಂಡದ್ದು ನಿಜ. ಉಂಡವರು ಬೈಲಿಗಿಳಿದು ಮೊಣಕಾಲುದ್ದ ಕೆಸರಲ್ಲಿ ಕೋಣಗಳ ಹಿಂದೆ ನಡೆದರು. ನೀನು ಉಂಡು ಹೋಟೆಲಿನ ಗಲ್ಲದ ಮೇಲೆ ಕೂರುತ್ತೀ.

ಹಾಗೆಂದು ಅನ್ನವನ್ನೇ ಬಿಟ್ಟುಬಿಡಬೇಡ. ನಾನು ಬಿಟ್ಟು ನೋಡಿದವನು. ಯಾರನ್ನೂ ಕೇಳದೆ ಒಮ್ಮೆಲೇ ಬಿಟ್ಟೆ, ಮಾತ್ರೆ ಮಾತ್ರ ಮೊದಲಿನಷ್ಟೇ ನುಂಗಿದೆ. ಆರನೇ ದಿನ ಬಾವಿಕಟ್ಟೆಯಿಂದ ಎದ್ದವನಿಗೆ ಕಣ್ಣು ಕತ್ತಲಿಟ್ಟಿತು, ಕೊಡಪಾನ ಕೈಜಾರಿತು. ಇನ್ಸುಲಿನ್ ಇಳಿದದ್ದೇ ಮೈಯಲ್ಲಿದ್ದ ಉಪ್ಪು, ನೀರು ಹೊರಟುಹೋಗಿ ಒತ್ತಡ ತೀರಾ ತಗ್ಗಿತ್ತು. ಆಮೇಲೆ ಡಾಕ್ಟರು ಮಾತ್ರೆಯ ಅಳತೆ ಬದಲಿಸಿದರು. ನೀನಾಗಿ ಮಾತ್ರೆ ಬಿಡುವುದೂ ಬೇಡ, ಅನ್ನ ಬಿಡುವುದೂ ಬೇಡ.

ಅಮೆರಿಕದ ವೈದ್ಯರು ‘ಡ್ಯಾಶ್’ ಎಂಬ ಊಟದ ಕ್ರಮ ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಪಿಷ್ಟ, ಸಕ್ಕರೆಯಂಥ ಕಾರ್ಬೋಹೈಡ್ರೇಟಿನದ್ದೇ. ಆದರೆ ಅದು ಬಂದದ್ದು ತವುಡು ತೆಗೆಯದ ಧಾನ್ಯ, ತರಕಾರಿ, ಹಣ್ಣು, ಕಾಳುಗಳಿಂದ. ಉಪ್ಪು ಇಳಿಸದೆಯೇ ಬಿ.ಪಿ. ಇದ್ದವರ ಮೇಲಿನ ಅಂಕಿ ಸುಮಾರು 11 ಇಳಿಯಿತು. ನಮಗೆ ಅದಕ್ಕೆ ಅಮೆರಿಕದ ಸಾಮಾನು ಬೇಡ. ತವುಡುಳಿಸಿದ ಕೆಂಪು ಕುಚ್ಚಲಕ್ಕಿ ಇದೆ, ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ಕೆಂಪಕ್ಕಿ ತಳಿಯೂ ಬಂದಿದೆ. ಗದ್ದೆ ಕೊಯ್ದ ಮೇಲೆ ಬೆಳೆಯುವ ಹುರುಳಿ ಇದೆ, ಚಪ್ಪರದ ಬಸಳೆ ಇದೆ, ಬಂಗುಡೆ ಇದೆ. ಕುಚ್ಚಲಕ್ಕಿಯಾದರೂ ರಾಶಿ ಹಾಕಿಕೊಂಡರೆ ರಾಶಿಯೇ; ಒಂದು ಸೌಟು ಅನ್ನ, ಎರಡು ಸೌಟು ಪಲ್ಯ, ಗಟ್ಟಿ ಹುರುಳಿ ಸಾರು. ತೆಳಿ ಕುಡಿ, ಕಲ್ಲುಪ್ಪು ಹಾಕಬೇಡ. ಗಲ್ಲದಲ್ಲಿ ಕೂತು ಕುಡಿಯುವ ಚಾಗಳಿಗೆ ಸಕ್ಕರೆ ನಿಲ್ಲಿಸು. ಉಂಡ ಮೇಲೆ ಪೇಟೆಯ ತುದಿಯವರೆಗೆ ನಡೆದು ಬಾ.

ಡಾಕ್ಟರಿಗೆ ಹೇಳಿಯೇ ಶುರುಮಾಡು. ಬೆಳಿಗ್ಗೆ ಚಾಕ್ಕೆ ಮೊದಲು ಬಿ.ಪಿ. ನೋಡಿ ಪುಸ್ತಕದಲ್ಲಿ ಬರೆದಿಡು. ಭಾನುವಾರ ಆ ಪುಸ್ತಕ ಹಿಡಿದು ಕುಂದಾಪುರಕ್ಕೆ ಬಾ, ಅತ್ತೆ ಹುರುಳಿ ನೆನೆಸಿಡುತ್ತಾಳೆ. ಅನ್ನ ಬಡಿಸುವುದು ನಾನೇ.