ಮನೆಗೆಲಸಕ್ಕೂ ಸೈ, ತಿರುಗಾಟಕ್ಕೂ ಸೈ ಇ-ಸೈಕಲ್

ಮೈಸೂರಿನ ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ಮೂರು ಕಿಲೋಮೀಟರ್ ಆಸುಪಾಸು. ನಡೆದು ಹೋಗಿ ತುಂಬಿದ ಚೀಲ ಹೊತ್ತು ಬರಲು ದೂರ. ಕಾರು ತೆಗೆದರೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಹಾಲು, ಔಷಧಿ, ಬ್ಯಾಂಕು, ಮಕ್ಕಳ ಸಂಗೀತ ಪಾಠ ಎಂದು ನಾವು ದಿನವೂ ಓಡಾಡುವುದು ಹೆಚ್ಚಾಗಿ ಇಂಥ ದೂರಗಳಿಗೇ. ಎರಡರಿಂದ ಎಂಟು ಕಿಲೋಮೀಟರ್ ಒಳಗಿನ ಈ ಓಡಾಟಕ್ಕೆ ಇ-ಸೈಕಲ್ ಹೇಳಿ ಮಾಡಿಸಿದ ವಾಹನ. ಅದೇ ಸೈಕಲ್ ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೂ ಕರೆದೊಯ್ಯುತ್ತದೆ, ಚಾಮುಂಡಿ ಬೆಟ್ಟವನ್ನೂ ಹತ್ತಿಸುತ್ತದೆ. ಆದರೆ ಪೆಡಲ್ ಮುಟ್ಟದೆ ಸ್ಕೂಟರ್‌ನಂತೆ ಓಡಿಸುವವರಿಗೆ ಅದು ಬೇಗ ಬೇಸರ ತರಿಸುತ್ತದೆ. ತುಳಿಯಲು ಒಪ್ಪಿದವರಿಗೆ ವರ್ಷಗಟ್ಟಲೆ ಒದಗುತ್ತದೆ. ಮುಂದೆ ಹೇಳುವ ಸಲಹೆಗಳೆಲ್ಲ ತುಳಿಯಲು ಒಪ್ಪಿದವರಿಗಾಗಿ.

ಕೊಳ್ಳುವ ಮೊದಲು

ಮೊದಲಿಗೆ ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರ್ 250 ವ್ಯಾಟ್ ಮಿತಿಯೊಳಗಿದ್ದು, ವೇಗ ಗಂಟೆಗೆ 25 ಕಿ.ಮೀ. ಮೀರದಂತೆ ತಯಾರಾಗಿ ಮಾನ್ಯತೆ ಪಡೆದ ಪೆಡಲ್ ಸೈಕಲ್ ಮೋಟಾರು ವಾಹನ ಎನಿಸುವುದಿಲ್ಲ. ಲೈಸೆನ್ಸ್ ಬೇಡ, ನೋಂದಣಿ ಬೇಡ. ಕೆಲವು ಅಂಗಡಿಗಳಲ್ಲಿ ‘ಸ್ಪೀಡ್ ಲಾಕ್ ತೆಗೆದುಕೊಡ್ತೀವಿ ಸಾರ್, ನಲವತ್ತು ಹೋಗುತ್ತೆ’ ಎನ್ನುತ್ತಾರೆ. ಒಪ್ಪಬೇಡಿ. ಲಾಕ್ ತೆಗೆದ ಕ್ಷಣವೇ ಅದು ನಂಬರ್ ಪ್ಲೇಟೂ ವಿಮೆಯೂ ಇಲ್ಲದ ಮೋಟಾರು ವಾಹನವಾಗುತ್ತದೆ, ಅಪಘಾತವಾದರೆ ಹೊಣೆಯೆಲ್ಲ ಸವಾರನದು. ಸೈಕಲ್‌ನ ಬ್ರೇಕು, ಫೋರ್ಕುಗಳೂ ಆ ವೇಗಕ್ಕೆಂದು ಮಾಡಿದವಲ್ಲ.

ಎರಡನೆಯದು ಬ್ಯಾಟರಿಯ ಲೆಕ್ಕ. ಕಂಪನಿ ಹೇಳುವ ‘ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್’ ಎಂಬುದನ್ನು ಬದಿಗಿಟ್ಟು ವ್ಯಾಟ್-ಅವರ್ ಎಷ್ಟು ಎಂದು ಕೇಳಿ. ಬ್ಯಾಟರಿಯ ಮೇಲೆ ಅಚ್ಚಾಗಿರುವ ವೋಲ್ಟ್ ಮತ್ತು ಆಂಪಿಯರ್-ಅವರ್ ಎರಡನ್ನೂ ಗುಣಿಸಿದರೆ ಸಾಕು. 36 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 360 ವ್ಯಾಟ್-ಅವರ್. ಸಮತಟ್ಟು ರಸ್ತೆಯಲ್ಲಿ ಬರೀ ಥ್ರಾಟಲ್ ತಿರುಗಿಸಿ ಹೋದರೆ ಕಿಲೋಮೀಟರಿಗೆ ಸುಮಾರು 12 ವ್ಯಾಟ್-ಅವರ್ ಖರ್ಚು, ಅಂದರೆ 30 ಕಿ.ಮೀ. ನೀವೂ ತುಳಿಯುತ್ತಾ ಮೋಟರ್ ನೆರವಿನ ಕಡಿಮೆ ಮೋಡ್‌ನಲ್ಲಿ ಹೋದರೆ ಆರೇಳಕ್ಕೆ ಇಳಿಯುತ್ತದೆ, ಅದೇ ಬ್ಯಾಟರಿ 50 ಕಿ.ಮೀ. ದಾಟಿಸುತ್ತದೆ. ಈ ಎರಡು ಅಂಕಿ ನೆನಪಿದ್ದರೆ ದಾರಿಯಲ್ಲಿ ಬ್ಯಾಟರಿ ಖಾಲಿಯಾಗಿ ನಿಲ್ಲುವ ಪ್ರಸಂಗ ಬರುವುದಿಲ್ಲ.

ಮೂರನೆಯದು ಸೆನ್ಸರ್. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುವ ಕೇಡೆನ್ಸ್ ಸೆನ್ಸರ್ ಇರುತ್ತದೆ. ಅರ್ಧ ಸುತ್ತು ತುಳಿದ ಮೇಲೆ ಮೋಟರ್ ಎಚ್ಚೆತ್ತು ಒಮ್ಮೆಗೇ ನೂಕುತ್ತದೆ, ತುಳಿಯುವುದು ನಿಲ್ಲಿಸಿದ ಮೇಲೂ ಕ್ಷಣಕಾಲ ಎಳೆಯುತ್ತದೆ. ಟಾರ್ಕ್ ಸೆನ್ಸರ್ ಇದ್ದರೆ ಕಾಲು ಎಷ್ಟು ಒತ್ತುತ್ತದೋ ಅಷ್ಟಕ್ಕೆ ತಕ್ಕಂತೆ ನೆರವು ಸಿಗುತ್ತದೆ. ಮೊಣಕಾಲು ನೋವಿರುವವರು, ಬಹಳ ವರ್ಷಗಳ ಬಳಿಕ ಸೈಕಲ್ ಹತ್ತುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಟಾರ್ಕ್ ಸೆನ್ಸರ್ ಇರುವುದನ್ನೇ ಕೊಳ್ಳುವುದು ಒಳ್ಳೆಯದು. ಸೀರೆ, ಪಂಚೆ ಉಡುವವರಿಗೆ ನಡುವಿನ ಅಡ್ಡಪಟ್ಟಿ ಕೆಳಗಿಳಿದ ಫ್ರೇಮ್, ಪೂರ್ತಿ ಮುಚ್ಚಿದ ಚೈನ್ ಗಾರ್ಡ್ ಅಗತ್ಯ. ನಾಲ್ಕು ಇಂಚಿನ ದಪ್ಪ ಟೈರ್ ನೋಡಲು ಚೆಂದ, ಆದರೆ ಊರೊಳಗಿನ ಓಡಾಟಕ್ಕೆ ಅದು ಬರೀ ಭಾರ. ಎರಡು ಇಂಚಿನ ಆಸುಪಾಸು ಸಾಕು.

ಕೊಳ್ಳುವ ಮುನ್ನ ಓಡಿಸಿ ನೋಡುವಾಗ ಮೋಟರ್ ಆರಿಸಿ ಒಂದು ಸುತ್ತು ತುಳಿಯಿರಿ. ಇಪ್ಪತ್ತರಿಂದ ಇಪ್ಪತ್ತೈದು ಕೆ.ಜಿ. ತೂಕದ ಈ ಸೈಕಲ್ ಬ್ಯಾಟರಿ ಮುಗಿದ ದಿನ ಹೇಗಿರುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಮೊದಲ ಅರ್ಧ ಗಂಟೆ

ಹೊಸ ಸೈಕಲನ್ನು ನೇರ ಟ್ರಾಫಿಕ್ಕಿಗೆ ತರಬೇಡಿ. ಖಾಲಿ ಮೈದಾನದಲ್ಲಿ ಮೋಡ್ ಒಂದರಲ್ಲಿ ಶುರು ಮಾಡಿ. ಸ್ವಿಚ್ ಹಾಕುವಾಗ ಕಾಲು ಪೆಡಲ್ ಮೇಲಿರಬಾರದು. ಸಿಗ್ನಲ್‌ನಲ್ಲಿ ನಿಂತಾಗ ಬ್ರೇಕ್ ಹಿಡಿದೇ ಇರಿ. ಬಹುತೇಕ ಇ-ಸೈಕಲ್‌ಗಳಲ್ಲಿ ಬ್ರೇಕ್ ಹಿಡಿಯೊಳಗೆ ಸಣ್ಣ ಸ್ವಿಚ್ ಇದ್ದು, ಅದನ್ನು ಒಂದಿಷ್ಟು ಎಳೆದರೂ ಮೋಟರಿಗೆ ವಿದ್ಯುತ್ ನಿಲ್ಲುತ್ತದೆ. ಈ ಸ್ವಿಚ್ ಕೆಲಸ ಮಾಡುತ್ತಿದೆಯೇ ಎಂದು ವಾರಕ್ಕೊಮ್ಮೆ ಪರೀಕ್ಷಿಸಿ: ಹಿಂಬದಿ ಚಕ್ರ ಎತ್ತಿ ಹಿಡಿದು, ಥ್ರಾಟಲ್ ಕೊಟ್ಟು, ಬ್ರೇಕ್ ಎಳೆಯಿರಿ. ಮೋಟರ್ ಸದ್ದು ತಟ್ಟನೆ ನಿಲ್ಲಬೇಕು.

ಗೇರ್ ಇರುವ ಸೈಕಲ್‌ನಲ್ಲಿ ನಿಲ್ಲುವ ಮೊದಲೇ ಹಗುರ ಗೇರಿಗೆ ಬನ್ನಿ, ಹೊರಡುವಾಗ ಕಾಲಿಗೂ ಮೋಟರಿಗೂ ಹೊರೆ ಕಡಿಮೆ. ಹಿಂದಿನವರಿಗೆ ನಿಮ್ಮದು ಮಾಮೂಲಿ ಸೈಕಲ್ಲಿನಂತೆ ಕಾಣುತ್ತದೆ, ಇಷ್ಟು ಬೇಗ ಮುಂದೆ ಬಂದೀತೆಂದು ಅವರು ಎಣಿಸಿರುವುದಿಲ್ಲ. ಅದಕ್ಕೇ ತಿರುವಿನಲ್ಲಿ ಕೈ ತೋರಿಸಿ, ಬೆಲ್ ಬಾರಿಸಿ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಉಳಿಯಿರಿ. ಕಾನೂನು ಕೇಳದಿದ್ದರೂ ಹೆಲ್ಮೆಟ್ ಹಾಕಿ.

ಸಂತೆ, ಸಾಮಾನು, ಚಾರ್ಜು

ಹ್ಯಾಂಡಲ್‌ಗೆ ಚೀಲ ನೇತುಹಾಕುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಇ-ಸೈಕಲ್‌ನಲ್ಲಿ ಅದನ್ನು ಬಿಡಲೇಬೇಕು. ನೇತಾಡುವ ಚೀಲ ಸ್ಪೋಕಿಗೆ ಸಿಕ್ಕರೆ ಮೋಟರ್ ನೂಕುತ್ತಲೇ ಇರುತ್ತದೆ. ಗಟ್ಟಿಯಾದ ಹಿಂಬದಿ ಕ್ಯಾರಿಯರ್ ಹಾಕಿಸಿ, ಎರಡೂ ಬದಿಗೆ ಇಳಿಬಿಡುವ ಚೀಲ ಕಟ್ಟಿ. ಐದು ಕೆ.ಜಿ. ಅಕ್ಕಿ ಒಂದು ಬದಿ, ತೆಂಗಿನಕಾಯಿ, ಆಲೂಗೆಡ್ಡೆ ಇನ್ನೊಂದು ಬದಿ, ಸೊಪ್ಪು, ಹೂವು ಮೇಲೆ. ಭಾರ ಕೆಳಗಿದ್ದಷ್ಟೂ ಸೈಕಲ್ ಓಲಾಡುವುದಿಲ್ಲ. ಕ್ಯಾರಿಯರ್ ಮೇಲೆ ಅದರ ಮಿತಿ ಅಚ್ಚಾಗಿರುತ್ತದೆ, ಹೆಚ್ಚಾಗಿ 25 ಕೆ.ಜಿ. ತುಂಬಿದ ಗ್ಯಾಸ್ ಸಿಲಿಂಡರ್ 30 ಕೆ.ಜಿ.ಯಷ್ಟು ತೂಗುತ್ತದೆ, ಆ ಸಾಹಸ ಬೇಡ.

ಬೀಗ ಎರಡಿರಲಿ. ಫ್ರೇಮ್ ಮತ್ತು ಹಿಂಬದಿ ಚಕ್ರ ಎರಡನ್ನೂ ಸೇರಿಸಿ ಕಂಬಕ್ಕೆ ಬಿಗಿಯುವ ಗಟ್ಟಿ ಯು-ಲಾಕ್ ಒಂದು, ಮುಂದಿನ ಚಕ್ರಕ್ಕೆ ಕೇಬಲ್ ಇನ್ನೊಂದು. ಬ್ಯಾಟರಿ ಬಿಚ್ಚುವಂತಿದ್ದರೆ, ಹೆಚ್ಚು ಹೊತ್ತು ನಿಲ್ಲಿಸುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ. ಎರಡೂವರೆ, ಮೂರು ಕೆ.ಜಿ. ಅಷ್ಟೆ.

ಖರ್ಚಿನ ಲೆಕ್ಕ ಇಷ್ಟು. 360 ವ್ಯಾಟ್-ಅವರ್ ಬ್ಯಾಟರಿ ತುಂಬಲು, ಚಾರ್ಜರ್‌ನಲ್ಲಿ ಸೋರುವುದೂ ಸೇರಿ, ಅರ್ಧ ಯೂನಿಟ್‌ಗಿಂತ ಕಡಿಮೆ ವಿದ್ಯುತ್ ಸಾಕು. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಮೂರು ರೂಪಾಯಿ ಒಳಗೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಇದು ದೊಡ್ಡ ಉಳಿತಾಯ. ಆದರೆ ನಿಜವಾದ ಖರ್ಚು ಬ್ಯಾಟರಿಯದು. ಅದು ಕೆಲವು ನೂರು ಸಲ ಪೂರ್ತಿ ಚಾರ್ಜ್ ಆದ ಮೇಲೆ ಸಾಮರ್ಥ್ಯ ಕಳೆದುಕೊಳ್ಳುತ್ತಾ ಹೋಗುತ್ತದೆ, ಹೊಸದಕ್ಕೆ ಸೈಕಲ್ ಬೆಲೆಯ ದೊಡ್ಡ ಪಾಲನ್ನೇ ತೆರಬೇಕು. ಹಾಗಾಗಿ ಬ್ಯಾಟರಿಯ ಆರೈಕೆಯೇ ಉಳಿತಾಯ.

ಆರೈಕೆ ಕಷ್ಟದ್ದಲ್ಲ. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ತಣಿಯಲಿ. ಜೊತೆಗೆ ಬಂದ ಚಾರ್ಜರನ್ನೇ ಬಳಸಿ. ರಾತ್ರಿ ಮಲಗಿದ ಮೇಲೆ, ಮನೆಯ ಮುಂಬಾಗಿಲ ಬಳಿ, ಮೆಟ್ಟಿಲ ಕೆಳಗೆ ಚಾರ್ಜ್ ಮಾಡಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪ, ಆದರೆ ಹತ್ತಿದರೆ ಹೊರಗೋಡಲು ದಾರಿ ಬೇಕು. ಉಬ್ಬಿದ, ಬಿದ್ದು ಜಜ್ಜಿದ, ನೀರು ಹೊಕ್ಕ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು. ಊರಿಗೆ ಹೋಗಿ ತಿಂಗಳು ಕಳೆದು ಬರುವುದಿದ್ದರೆ ಅರ್ಧದಷ್ಟು ಚಾರ್ಜ್ ಇಟ್ಟು ನೆರಳಿನಲ್ಲಿಡಿ.

ಭಾನುವಾರದ ತಿರುಗಾಟ

ಮೊದಲ ದೂರದ ಸವಾರಿಗೆ ಶ್ರೀರಂಗಪಟ್ಟಣವೇ ಸರಿ. ಹೋಗಲು ಸುಮಾರು 15 ಕಿ.ಮೀ., ದ್ವೀಪದೊಳಗೆ ಕೋಟೆ, ದರಿಯಾ ದೌಲತ್, ಗುಂಬಜ್, ಸಂಗಮ ಎಂದು ಸುತ್ತಾಡಿದರೆ ಹತ್ತು ಹನ್ನೆರಡು, ಮರಳಲು 15. ಒಟ್ಟು 40 ಕಿ.ಮೀ. ಎಂದುಕೊಳ್ಳಿ. ಈಗ ನಮ್ಮ ಎರಡು ಅಂಕಿಗಳನ್ನು ಹಚ್ಚಿ ನೋಡಿ. ತುಳಿಯುತ್ತಾ ಹೋದರೆ 40 ಗುಣಿಸು 7, ಅಂದರೆ 280 ವ್ಯಾಟ್-ಅವರ್. 360ರ ಬ್ಯಾಟರಿಯಲ್ಲಿ ಇನ್ನೂ ಉಳಿದಿರುತ್ತದೆ. ಬರೀ ಥ್ರಾಟಲ್ ಆದರೆ 480 ಬೇಕು, ಮರಳುವ ದಾರಿಯಲ್ಲೇ ಮುಗಿಯುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೂ ಮೋಟರ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಿ.

ಆಷಾಢದಲ್ಲಿ ಹೊರಡುವವರಿಗೆ ಒಂದು ಮಾತು. ಆ ತಿಂಗಳ ಗಾಳಿ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ಶ್ರೀರಂಗಪಟ್ಟಣ ಮೈಸೂರಿಗೆ ಉತ್ತರ-ಈಶಾನ್ಯಕ್ಕಿದೆ. ಹೋಗುವಾಗ ಗಾಳಿ ಬೆನ್ನಿಗಿದ್ದು ಮೀಟರ್ ಇಳಿಯುವುದೇ ಇಲ್ಲ, ಆ ಖುಷಿಯಲ್ಲಿ ರಂಗನತಿಟ್ಟಿಗೂ ಹೋಗೋಣ ಎನಿಸುತ್ತದೆ. ಮರಳುವಾಗ ಅದೇ ಗಾಳಿ ಎದುರಾಗಿ ಬ್ಯಾಟರಿ ಕುಡಿಯುತ್ತದೆ. ಆ ದಿನಗಳಲ್ಲಿ ಬ್ಯಾಟರಿ ಮೀಟರ್ ಶೇಕಡ 60ಕ್ಕೆ ಬಂದಾಗಲೇ ತಿರುಗಿ. ಬ್ಯಾಟರಿಯ ಕಡೆಯ ಗೆರೆಯನ್ನು ಎಂದೂ ನಂಬಬೇಡಿ. ಮೊದಲ ಗೆರೆಗಳು ನಿಧಾನವಾಗಿ ಇಳಿದರೂ ಕಡೆಯದು ಬೇಗ ಮಾಯವಾಗುತ್ತದೆ.

ಇನ್ನು ಚಾಮುಂಡಿ ಬೆಟ್ಟ. ಸವಾರ, ಸೈಕಲ್, ಚೀಲ ಎಲ್ಲ ಸೇರಿ ನೂರು ಕೆ.ಜಿ. ಎಂದಿಟ್ಟುಕೊಳ್ಳಿ. ಊರಿನಿಂದ ಬೆಟ್ಟದ ತುದಿಗೆ ಏರು ಸುಮಾರು 300 ಮೀಟರ್. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 82 ವ್ಯಾಟ್-ಅವರ್ ಆಸುಪಾಸು. ಮೋಟರಿನಲ್ಲಿ ಶಾಖವಾಗಿ ಪೋಲಾಗುವುದನ್ನು ಸೇರಿಸಿದರೆ 110, ಅದೂ ನೀವು ಒಂದಿಷ್ಟೂ ತುಳಿಯದಿದ್ದರೆ. ಹಾಗಾಗಿ ಬೆಟ್ಟಕ್ಕೆ ಬ್ಯಾಟರಿ ಸಾಲದೆಂಬ ಹೆದರಿಕೆ ಬೇಡ. ಹೆದರಬೇಕಾದದ್ದು ಮೋಟರಿನ ಬಿಸಿಗೆ. ಚಕ್ರದ ನಡುವೆ ಕೂತ ಹಬ್ ಮೋಟರ್ ತೀರಾ ನಿಧಾನವಾಗಿ ತಿರುಗುವಾಗ ವಿದ್ಯುತ್ತಿನ ಹೆಚ್ಚು ಪಾಲು ಶಾಖವೇ ಆಗುತ್ತದೆ. ಕಡಿದಾದ ತಿರುವಿನಲ್ಲಿ ಥ್ರಾಟಲ್ ತಿರುಗಿಸಿ ಸುಮ್ಮನೆ ಕೂತರೆ ಮೋಟರ್ ನರಳುವ ಸದ್ದು ಕಿವಿಗೇ ಕೇಳುತ್ತದೆ. ಹಗುರ ಗೇರ್ ಹಾಕಿ, ಕಾಲನ್ನು ಬೇಗ ಬೇಗ ಆಡಿಸಿ, ವೇಗ ಗಂಟೆಗೆ ಹತ್ತು ಕಿ.ಮೀ.ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಆಗದಿದ್ದರೆ ಮರದ ನೆರಳಲ್ಲಿ ನಿಂತು ನೀರು ಕುಡಿಯಿರಿ, ಊರು ನೋಡಿ, ಮೋಟರೂ ತಣಿಯಲಿ.

ಇಳಿಯುವಾಗ ಇನ್ನೂ ಎಚ್ಚರ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು, ಮುಂದಿನದು ಹಿಂದಿನದು ಎರಡನ್ನೂ ಬಳಸಿ. ಕೆಳಗಿಳಿದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ.

ಪಂಕ್ಚರ್, ಮಳೆ

ಇ-ಸೈಕಲ್ ಹಿಂಬದಿ ಚಕ್ರ ಪಂಕ್ಚರ್ ಆದರೆ ಅಂಗಡಿಯವರು ಮೋಟರ್ ನೋಡಿ ‘ಇದು ನಮಗೆ ಬರಲ್ಲ’ ಎಂದು ಕೈಯಾಡಿಸುತ್ತಾರೆ. ಚಕ್ರ ಬಿಚ್ಚುವ ಅಗತ್ಯವೇ ಇಲ್ಲವೆಂದು ಅವರಿಗೆ ಹೇಳಿ. ಟೈರನ್ನು ಒಂದು ಬದಿಯಿಂದ ಮಾತ್ರ ಬಿಡಿಸಿ, ಟ್ಯೂಬನ್ನು ಹೊರಗೆಳೆದು, ತೂತು ಹುಡುಕಿ ಪ್ಯಾಚ್ ಹಾಕಿ ಒಳಸೇರಿಸಿದರಾಯಿತು. ಟ್ಯೂಬ್ ಬದಲಿಸಲೇಬೇಕೆಂದರೆ ಮಾತ್ರ ಚಕ್ರ ಬಿಚ್ಚಬೇಕು. ಆಗ ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಮೋಟರಿನ ಕೇಬಲ್ ಜೋಡಣೆಯನ್ನು ತಿರುಚದೆ ನೇರವಾಗಿ ಎಳೆದು ಬಿಡಿಸಿ, ನಂತರ ನಟ್‌ಗಳು. ನಟ್‌ಗೆ ಹೊಂದುವ ಸ್ಪ್ಯಾನರ್, ಸಾಮಾನ್ಯವಾಗಿ 18 ಎಂ.ಎಂ., ನಿಮ್ಮ ಚೀಲದಲ್ಲೇ ಇರಲಿ. ನಟ್ ಜೊತೆ ಕೊಂಡಿಯಿರುವ ವಾಷರ್ ಬರುತ್ತದೆ. ಮೋಟರಿನ ಅಚ್ಚು ತಾನೇ ತಿರುಗದಂತೆ ಹಿಡಿಯುವುದು ಅದೇ. ಮರೆತು ಬಿಟ್ಟರೆ ಕೇಬಲ್ ತುಂಡಾಗುತ್ತದೆ. ಟೈರ್ ಬದಿಯಲ್ಲಿ ಅಚ್ಚಾದ ಒತ್ತಡಕ್ಕೆ ವಾರಕ್ಕೊಮ್ಮೆ ಗಾಳಿ ಹಾಕಿದರೆ ಪಂಕ್ಚರೂ ಕಡಿಮೆ, ಬ್ಯಾಟರಿ ಖರ್ಚೂ ಕಡಿಮೆ. ಮೋಟರಿನ ಎಳೆತಕ್ಕೆ ಹಿಂಬದಿ ಸ್ಪೋಕ್‌ಗಳು ಸಡಿಲವಾಗುವುದುಂಟು, ಆಗಾಗ ಬೆರಳಿನಿಂದ ಮೀಟಿ ನೋಡಿ.

ಮಳೆಗೆ ಇ-ಸೈಕಲ್ ಹೆದರುವುದಿಲ್ಲ, ನಿಂತ ನೀರಿಗೆ ಹೆದರಬೇಕು. ಚಕ್ರದ ನಡುಭಾಗ ಮುಳುಗುವಷ್ಟು ನೀರಿನಲ್ಲಿ ಇಳಿಯಬೇಡಿ. ತೊಳೆಯಲು ಒದ್ದೆ ಬಟ್ಟೆ ಸಾಕು, ಸರ್ವೀಸ್ ಸ್ಟೇಷನ್ನಿನ ಪೈಪ್ ಬೇಡವೇ ಬೇಡ.

ಹಣ ಕೊಡುವ ಮುನ್ನ ಅಂಗಡಿಯಲ್ಲಿ ಎರಡು ವಿಷಯ ಬರೆಸಿಕೊಳ್ಳಿ: ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಅದು ಮುಗಿದ ಮೇಲೆ ಇದೇ ಅಳತೆಯ ಬ್ಯಾಟರಿ ಎಲ್ಲಿ ಸಿಗುತ್ತದೆ. ಉತ್ತರ ಸಿಗದಿದ್ದರೆ ಬೇರೆ ಅಂಗಡಿ ನೋಡಿ. ಹಳೆಯ ಬ್ಯಾಟರಿಯನ್ನು ಮಾತ್ರ ದಯವಿಟ್ಟು ಗುಜರಿಗೆ ಹಾಕಬೇಡಿ, ಕಸದ ಗಾಡಿಗೂ ಕೊಡಬೇಡಿ. ಬಳಸಿ ಮುಗಿದ ಬ್ಯಾಟರಿಯನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಕೊಂಡ ಅಂಗಡಿಗೇ ಒಯ್ದು ಕೊಡಿ.